ಜೂಲಿಯನ್‌ಗೆಂದು ಹೊರಟ ಹಾಡು

ಪಾಲ್ ಮೆಕಾರ್ಟ್ನಿ ಅವರ ಸಂಗೀತ ಕಾರ್ಯಕ್ರಮ ಯಾವ ದೇಶದಲ್ಲೇ ನಡೆಯಲಿ, ಮುಗಿಯುವ ಹೊತ್ತಿಗೆ ಒಂದು ದೃಶ್ಯ ಕಾಯಂ. ಅವರು ಪಿಯಾನೊ ಮುಂದೆ ಕೂರುತ್ತಾರೆ. ಮುನ್ನುಡಿಯ ವಾದನವಿಲ್ಲದೆ ನೇರವಾಗಿ, ಮೆಲ್ಲಗೆ, ಒಂದು ಹೆಸರು ಹಿಡಿದು ಕರೆಯುತ್ತಾರೆ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಲ್ಲುತ್ತದೆ. ಮೂರು ನಿಮಿಷ ಕಳೆಯುವಷ್ಟರಲ್ಲಿ ಸಾಹಿತ್ಯವೆಲ್ಲ ತೀರಿ ‘ನ’ ಎಂಬ ಒಂದೇ ಅಕ್ಷರ ಉಳಿಯುತ್ತದೆ. ಈಗ ಗಂಡಸರಷ್ಟೇ ಹಾಡಿ ಎನ್ನುತ್ತಾರೆ, ಆಮೇಲೆ ಹೆಂಗಸರು, ಆಮೇಲೆ ಎಲ್ಲರೂ. ಅಜ್ಜನ ಪಕ್ಕ ಮೊಮ್ಮಗಳು, ಗುರುತೇ ಇಲ್ಲದವರ ಹೆಗಲ ಮೇಲೆ ಗುರುತೇ ಇಲ್ಲದವರ ಕೈ. ಇಂಗ್ಲಿಷ್ ಬಾರದವರೂ ಹಿಂದೆ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಇಂಗ್ಲಿಷೇ ಇಲ್ಲ.

‘ಹೇ ಜೂಡ್’ ಎಂಬ ಈ ಹಾಡು ಬೀಟಲ್ಸ್ ತಂಡದ್ದು ಎಂದು ಬಹಳ ಮಂದಿಗೆ ಗೊತ್ತು. ಪ್ರೇಮದಲ್ಲಿ ಸೋತವನಿಗೆ ಗೆಳೆಯ ಹೇಳುವ ಧೈರ್ಯದ ಮಾತು ಎಂದು ಕೇಳಿದವರು ಊಹಿಸುತ್ತಾರೆ. ಆ ಊಹೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಹಾಡು ಮೊದಲು ಹೊರಟದ್ದು ಐದು ವರ್ಷದ ಒಬ್ಬ ಹುಡುಗನ ಮನೆಗೆ. ಆ ವರ್ಷ ಅವನ ಅಪ್ಪ ಮನೆ ಬಿಟ್ಟು ಹೋಗಿದ್ದರು.

ಮಕ್ಕಳ ಮೇಲಿನ ಅಕ್ಕರೆಯಿಂದ ಹುಟ್ಟಿದ ಜನಪ್ರಿಯ ಹಾಡುಗಳು ಪಾಶ್ಚಾತ್ಯ ಸಂಗೀತದಲ್ಲಿ ಬೇಕಾದಷ್ಟಿವೆ. ಸ್ಟೀವಿ ವಂಡರ್ 1976ರಲ್ಲಿ ತಮ್ಮ ಎಳೆಯ ಮಗಳು ಆಯಿಷಾಳ ಸಂಭ್ರಮವನ್ನೇ ಹಾಡು ಮಾಡಿದರು. ಸ್ವೀಡನ್ನಿನ ಆಬಾ ತಂಡ 1981ರಲ್ಲಿ, ಶಾಲೆಯ ಚೀಲ ಹೊತ್ತು ಹೊರಡುವ ಮಗಳನ್ನು ನೋಡುತ್ತ ನಿಲ್ಲುವ ತಾಯಿಯ ಹಾಡನ್ನು ಕೊಟ್ಟಿತು. ಎರಿಕ್ ಕ್ಲಾಪ್ಟನ್ ನಾಲ್ಕು ವರ್ಷದ ಮಗನನ್ನು ಕಳೆದುಕೊಂಡ ಮೇಲೆ ಹಾಡಿದ್ದು ಇಡೀ ಜಗತ್ತನ್ನು ಅಳಿಸಿತು. ಇವೆಲ್ಲ ಹೆತ್ತವರ ಹಾಡುಗಳು. ‘ಹೇ ಜೂಡ್’ ಹಾಗಲ್ಲ. ಬರೆದ ಪಾಲ್‌ಗೆ ಆಗ ಮದುವೆಯೂ ಆಗಿರಲಿಲ್ಲ. ಗೆಳೆಯನ ಮಗನಿಗಾಗಿ ಮರುಗಿ ಬರೆದದ್ದು ಅದು.

ಹೃಷಿಕೇಶದಿಂದ ಕೆನ್‌ವುಡ್‌ಗೆ

1968ರ ಆರಂಭಕ್ಕೆ ಹೋಗೋಣ. ಬೀಟಲ್ಸ್‌ನ ನಾಲ್ವರೂ ಮಹರ್ಷಿ ಮಹೇಶ್ ಯೋಗಿ ಅವರ ಆಶ್ರಮದಲ್ಲಿ ಧ್ಯಾನ ಕಲಿಯಲು ಹೃಷಿಕೇಶಕ್ಕೆ ಬಂದಿದ್ದರು. ರಿಂಗೊ ಸ್ಟಾರ್ ಬಹುಬೇಗ ಮರಳಿದರು, ಪಾಲ್ ಮಾರ್ಚ್‌ನಲ್ಲಿ ಹೊರಟರು. ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಏಪ್ರಿಲ್‌ವರೆಗೆ ಉಳಿದರು. ಜಾನ್ ಜೊತೆಗೆ ಹೆಂಡತಿ ಸಿಂಥಿಯಾ ಇದ್ದರು. ಗಂಗೆಯ ದಡದಲ್ಲಿ ಸಂಸಾರ ಮತ್ತೆ ಹತ್ತಿರವಾಗುತ್ತದೆ ಎಂದು ಅವರು ನಂಬಿಕೊಂಡಿದ್ದರು. ಆದರೆ ಜಪಾನಿನ ಕಲಾವಿದೆ ಯೋಕೊ ಓನೊ ಅವರಿಂದ ಜಾನ್‌ಗೆ ಅಂಚೆ ಬರುತ್ತಲೇ ಇತ್ತು. ಏಪ್ರಿಲ್ 8ರಂದು ಮಗ ಜೂಲಿಯನ್‌ನ ಐದನೇ ಹುಟ್ಟುಹಬ್ಬ. ಅಪ್ಪ ಅಮ್ಮ ಇಬ್ಬರೂ ಭಾರತದಲ್ಲಿ, ಮಗು ಇಂಗ್ಲೆಂಡಿನಲ್ಲಿ.

ಮೇ ತಿಂಗಳಲ್ಲಿ ಸಿಂಥಿಯಾ ಕೆಲವು ದಿನಗಳ ಮಟ್ಟಿಗೆ ಗ್ರೀಸ್‌ಗೆ ಹೋಗಿ ಬಂದರು. ಲಂಡನ್ ಹೊರವಲಯದ ಸರ‍್ರೆಯಲ್ಲಿದ್ದ ‘ಕೆನ್‌ವುಡ್’ ಎಂಬ ತಮ್ಮ ಮನೆಯ ಬಾಗಿಲು ದಾಟಿದಾಗ ಒಳಗೆ ಜಾನ್ ಜೊತೆ ಯೋಕೊ ಇದ್ದರು. ಮುಂದಿನದು ವಕೀಲರ ಕೆಲಸ. ನವೆಂಬರ್‌ನಲ್ಲಿ ವಿಚ್ಛೇದನಕ್ಕೆ ನ್ಯಾಯಾಲಯ ಒಪ್ಪಿತು.

ಇಂಥ ಹೊತ್ತಿನಲ್ಲಿ ಸ್ನೇಹಿತರ ವಲಯ ಹೇಗೆ ವರ್ತಿಸುತ್ತದೆ ಎಂಬುದನ್ನು ಕಂಡವರಿಗೆ ಹೇಳಬೇಕಿಲ್ಲ. ಬೀಟಲ್ಸ್ ಎಂದರೆ ಕುಟುಂಬಗಳೂ ಸೇರಿದ ಒಂದು ಪುಟ್ಟ ಊರು. ಜಾನ್ ಆ ಊರಿನ ಯಜಮಾನರಲ್ಲೊಬ್ಬರು. ಅವರು ಬಿಟ್ಟು ಹೋದ ಮನೆಗೆ ಹೋಗಲು ಉಳಿದವರು ಹಿಂಜರಿದರು. ಪಾಲ್ ಕಾರು ಹತ್ತಿ ಹೊರಟರು. ಕೈಯಲ್ಲಿ ಒಂದು ಕೆಂಪು ಗುಲಾಬಿ ಹಿಡಿದು ಬಂದಿದ್ದರು ಎಂದು ಸಿಂಥಿಯಾ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ಭೇಟಿ ಅವರನ್ನು ಕೊನೆಯವರೆಗೂ ತಟ್ಟಿದ ಸಂಗತಿ.

ಪಾಲ್‌ಗೆ ಜೂಲಿಯನ್ ಜೊತೆ ಮೊದಲಿನಿಂದಲೂ ಸಲಿಗೆ. ಮಕ್ಕಳ ಜೊತೆ ನೆಲದ ಮೇಲೆ ಉರುಳಾಡಿ ಆಡುವುದು ಅವರಿಗೆ ಸಹಜವಾಗಿ ಬರುತ್ತಿತ್ತು. ಜಾನ್‌ಗೆ ಅದು ಆಗ ಒಲಿದಿರಲಿಲ್ಲ. ತನ್ನ ಬಾಲ್ಯದಲ್ಲಿ ಅಪ್ಪನಿಗಿಂತ ಪಾಲ್ ಜೊತೆಗೇ ಹೆಚ್ಚು ಒಡನಾಡಿದ್ದೆ ಎಂದು ಜೂಲಿಯನ್ ದೊಡ್ಡವರಾದ ಮೇಲೆ ಹೇಳಿದ್ದುಂಟು.

ಇಲ್ಲಿ ಇನ್ನೊಂದು ಸಂಗತಿ ಮನಸ್ಸಿಗೆ ಬರದೆ ಇರದು. ಜಾನ್ ಕೂಡ ಐದರ ಆಸುಪಾಸಿನಲ್ಲೇ ಹೆತ್ತವರ ಮನೆಯಿಂದ ದೂರವಾಗಿ ದೊಡ್ಡಮ್ಮ ಮಿಮಿಯ ಆಸರೆಯಲ್ಲಿ ಬೆಳೆದವರು. ಹದಿನೇಳು ತುಂಬಿದಾಗ, 1958ರಲ್ಲಿ, ತಾಯಿ ಜೂಲಿಯಾ ಕಾರು ಬಡಿದು ತೀರಿಕೊಂಡರು. ಮಗನಿಗೆ ಇಟ್ಟ ಹೆಸರಿನಲ್ಲಿ ಆ ತಾಯಿ ಇದ್ದಾರೆ. ಪಾಲ್ ಹದಿನಾಲ್ಕಕ್ಕೇ ತಾಯಿಯನ್ನು ಕಳೆದುಕೊಂಡವರು. ಇಬ್ಬರು ಹುಡುಗರನ್ನು ಲಿವರ್‌ಪೂಲ್‌ನಲ್ಲಿ ಹತ್ತಿರ ತಂದದ್ದರಲ್ಲಿ ಗಿಟಾರಿನ ಪಾಲೆಷ್ಟೋ ಈ ನಷ್ಟದ ಪಾಲೂ ಅಷ್ಟೇ. ಒಂಟಿಯಾದ ಮಗುವಿನ ಮನಸ್ಸು ಪಾಲ್‌ಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕಾರಿನಲ್ಲಿ ಗುನುಗಿದ್ದು

ಕೆನ್‌ವುಡ್ ದಾರಿಯಲ್ಲಿ, ಸ್ಟಿಯರಿಂಗ್ ಹಿಡಿದುಕೊಂಡೇ ಪಾಲ್ ಒಂದು ಸಾಲು ಗುನುಗತೊಡಗಿದರು. ಮೊದಲು ಅದರಲ್ಲಿದ್ದ ಹೆಸರು ‘ಜೂಲ್ಸ್’, ಅಂದರೆ ಜೂಲಿಯನ್‌ನನ್ನು ಮುದ್ದಿನಿಂದ ಕರೆಯುವ ಹೆಸರು. ದುಃಖದ ಸಂಗತಿಯನ್ನು ಎದೆಗೆ ಹಚ್ಚಿಕೊಳ್ಳಬೇಡ ಮರಿ, ಇದನ್ನು ಇನ್ನಷ್ಟು ಒಳ್ಳೆಯದಾಗಿ ಮಾಡೋಣ ಎಂಬ ಧಾಟಿ. ಹಾಡುವಾಗ ನಾಲಿಗೆಗೆ ‘ಜೂಡ್’ ಹೆಚ್ಚು ಸಲೀಸೆನಿಸಿತು. ‘ಒಕ್ಲಹೋಮ’ ಎಂಬ ಸಂಗೀತ ನಾಟಕದಲ್ಲಿ ‘ಜಡ್’ ಎಂಬ ಪಾತ್ರವಿದೆ, ಆ ಹೆಸರಿನ ಗುಂಗು ತಲೆಯಲ್ಲಿತ್ತು ಎಂದು ಅವರೇ ಹೇಳಿದ್ದಾರೆ.

ಹೆಸರು ಬದಲಾದಂತೆ ಹಾಡಿನ ವಯಸ್ಸೂ ಬದಲಾಯಿತು. ಮುಂದಿನ ಸಾಲುಗಳಲ್ಲಿ ಒಬ್ಬಳು ಹೆಣ್ಣು ಬರುತ್ತಾಳೆ, ಅವಳನ್ನು ಹೃದಯದೊಳಗೆ ಬಿಟ್ಟುಕೋ ಎಂಬ ಒತ್ತಾಯ ಬರುತ್ತದೆ. ಐದು ವರ್ಷದ ಮಗುವಿಗೆ ಯಾರೂ ಹಾಗೆ ಹೇಳುವುದಿಲ್ಲ. ನಟಿ ಜೇನ್ ಆಶರ್ ಜೊತೆಗಿನ ಪಾಲ್ ಅವರ ನಿಶ್ಚಿತಾರ್ಥ ಅದೇ ಬೇಸಿಗೆಯಲ್ಲಿ ಮುರಿದುಬಿದ್ದಿತ್ತು. ಮಗುವನ್ನು ಸಂತೈಸಲು ಹೊರಟವರು ನಡುದಾರಿಯಲ್ಲಿ ತಮ್ಮನ್ನೂ ಸಂತೈಸಿಕೊಳ್ಳುತ್ತಿದ್ದರು ಎಂದೇ ನನಗೆ ತೋರುತ್ತದೆ. ಅದರಿಂದ ಹಾಡಿಗೆ ನಷ್ಟವಾಗಲಿಲ್ಲ. ಜೂಲಿಯನ್‌ನ ಹೆಸರು ಹಾಗೇ ಉಳಿದಿದ್ದರೆ ನಾವು ಹೊರಗೆ ನಿಂತು ಕೇಳಬೇಕಾಗುತ್ತಿತ್ತು. ಹೆಸರು ಸರಿದ ಜಾಗದಲ್ಲಿ ನೊಂದವರೆಲ್ಲ ಬಂದು ನಿಂತರು.

ಮೊದಲು ಬಂದು ನಿಂತವರು ಯಾರು ಗೊತ್ತೇ? ಜಾನ್ ಲೆನನ್. ಲಂಡನ್ನಿನ ಕ್ಯಾವೆಂಡಿಶ್ ಅವೆನ್ಯೂದಲ್ಲಿದ್ದ ತಮ್ಮ ಮನೆಯಲ್ಲಿ ಪಾಲ್ ಈ ಹಾಡನ್ನು ಜಾನ್ ಮತ್ತು ಯೋಕೊಗೆ ಹಾಡಿ ತೋರಿಸಿದರು. ನಡುವೆ ಹೆಗಲಿನ ಪ್ರಸ್ತಾಪವಿರುವ ಒಂದು ಸಾಲು ಬಂತು. ಅರ್ಥ ಸರಿಯಾಗಿ ಕೂರುತ್ತಿಲ್ಲ, ಆಮೇಲೆ ತಿದ್ದುತ್ತೇನೆ ಎಂದರು ಪಾಲ್. ಜಾನ್ ಬಿಡಲಿಲ್ಲ, ಹಾಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಾಲು ಅದೇ ಎಂದರು. ಸಾಲು ಉಳಿಯಿತು. ವೇದಿಕೆಯಲ್ಲಿ ಇವತ್ತಿಗೂ ಆ ಸಾಲು ಬಂದಾಗ ಜಾನ್ ನೆನಪಾಗಿ ಗಂಟಲು ಕಟ್ಟುತ್ತದೆ ಎಂದು ಪಾಲ್ ಹೇಳಿಕೊಂಡಿದ್ದಾರೆ.

1980ರಲ್ಲಿ ಕೊಟ್ಟ ದೀರ್ಘ ಸಂದರ್ಶನದಲ್ಲಿ ಜಾನ್ ಈ ಹಾಡನ್ನು ಬಾಯ್ತುಂಬ ಹೊಗಳಿದರು. ಜೂಲಿಯನ್‌ಗಾಗಿ ಬರೆದದ್ದೆಂದು ಅವರಿಗೆ ಗೊತ್ತಿತ್ತು. ಆದರೂ ಅದು ತನಗೇ ಹೇಳಿದ ಮಾತಿನಂತೆ ಕೇಳಿಸುತ್ತಿತ್ತು ಎಂದರು. ಯೋಕೊ ಬಳಿಗೆ ಹೋಗು, ನನ್ನನ್ನು ಬಿಟ್ಟು ಹೋಗು ಎಂದು ಪಾಲ್ ಒಳಮನಸ್ಸಿನಲ್ಲಿ ಹರಸುತ್ತಿದ್ದಾರೆ ಎಂಬುದು ಅವರ ಗ್ರಹಿಕೆ. ಬಿಟ್ಟುಹೋದ ಅಪ್ಪನಿಗೂ ಅದೇ ಹಾಡು ಸಮಾಧಾನ ಕೊಟ್ಟಿತು.

ಸೋಹೋದ ಎರಡು ರಾತ್ರಿ

ಅಬ್ಬೆ ರೋಡಿನ ಇಎಂಐ ಸ್ಟುಡಿಯೊದಲ್ಲಿ ಜುಲೈ 29 ಮತ್ತು 30ರಂದು ತಾಲೀಮು ನಡೆಯಿತು. ಮುದ್ರಣಕ್ಕೆ ಮಾತ್ರ ತಂಡ ಸೋಹೋದ ಟ್ರೈಡೆಂಟ್ ಸ್ಟುಡಿಯೊಗೆ ಹೋಯಿತು. ಕಾರಣ ಒಂದು ಯಂತ್ರ. ಅಬ್ಬೆ ರೋಡಿನಲ್ಲಿ ಆಗ ಬಳಕೆಯಲ್ಲಿದ್ದದ್ದು ನಾಲ್ಕು ಟ್ರ್ಯಾಕಿನ ರೆಕಾರ್ಡರ್, ಟ್ರೈಡೆಂಟ್‌ನಲ್ಲಿ ಎಂಟು. ಟ್ರ್ಯಾಕ್ ಎಂದರೆ ಒಂದೇ ಟೇಪಿನ ಮೇಲೆ ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ಧ್ವನಿ ಹಿಡಿಯುವ ಪಟ್ಟಿ. ಪಟ್ಟಿ ಹೆಚ್ಚಿದಷ್ಟೂ ಹಾಡಿನ ಮೇಲೆ ಹಾಡು, ವಾದ್ಯದ ಮೇಲೆ ವಾದ್ಯ ಸೇರಿಸಲು ಜಾಗ.

ಅಲ್ಲಿ ನಡೆದ ಒಂದು ಘಟನೆ ಸಂಗೀತಗಾರರ ನಡುವೆ ಈಗಲೂ ಓಡಾಡುತ್ತದೆ. ಪಾಲ್ ಪಿಯಾನೊ ಮುಂದೆ ಕೂತು ಹಾಡಲು ಶುರುಮಾಡಿಯೇಬಿಟ್ಟರು. ರಿಂಗೊ ಡ್ರಮ್ ಹಿಂದೆ ಇದ್ದಾರೆಂದು ಭಾವಿಸಿದ್ದರು. ರಿಂಗೊ ಶೌಚಾಲಯಕ್ಕೆ ಹೋಗಿದ್ದರು. ಹಾಡು ಆಗಲೇ ಓಡುತ್ತಿದೆ, ಬೆನ್ನ ಹಿಂದೆ ರಿಂಗೊ ತುದಿಗಾಲಿನಲ್ಲಿ ಬಂದು ಕೂತರು, ಸರಿಯಾಗಿ ಡ್ರಮ್ ಬರಬೇಕಾದ ಮಾತ್ರೆಗೆ ಬಡಿದರು. ಪಾಲ್ ಹೇಳುವಂತೆ ಆ ಮುದ್ರಿಕೆಯೇ ಉಳಿಯಿತು.

ಎಲ್ಲವೂ ನಗುನಗುತ್ತ ನಡೆಯಲಿಲ್ಲ. ಪ್ರತಿ ಸಾಲಿಗೂ ಗಿಟಾರಿನಲ್ಲಿ ಉತ್ತರ ಕೊಡಬೇಕೆಂದು ಜಾರ್ಜ್ ಹ್ಯಾರಿಸನ್‌ಗೆ ಆಸೆ. ಪಾಲ್ ಬೇಡವೆಂದರು. ಜಾರ್ಜ್ ಮನಸ್ಸು ನೋಯಿತು. ಎರಡು ವರ್ಷದೊಳಗೆ ತಂಡವೇ ಒಡೆದದ್ದನ್ನು ನೆನೆದರೆ ಆ ಪುಟ್ಟ ಜಗಳ ಪುಟ್ಟದಾಗಿ ಕಾಣುವುದಿಲ್ಲ. ಆದರೆ ಸಂಗೀತದ ದೃಷ್ಟಿಯಿಂದ ಪಾಲ್ ತೀರ್ಮಾನ ಸರಿ ಎಂದು ನನ್ನ ಖಚಿತ ಅಭಿಪ್ರಾಯ. ನೊಂದವರ ಜೊತೆ ಮಾತಾಡುವಾಗ ನಡುನಡುವೆ ಇನ್ನೊಬ್ಬರು ಬಾಯಿ ಹಾಕಬಾರದು.

ಆಗಸ್ಟ್ 1ರಂದು 36 ವಾದ್ಯಗಾರರ ವೃಂದ ಬಂತು. ಅವರು ನುಡಿಸಿ ಮುಗಿಸಿದ ಮೇಲೆ ಇನ್ನೊಂದು ಕೋರಿಕೆ: ಕೈತಟ್ಟಿ, ಕೊನೆಯ ಭಾಗದಲ್ಲಿ ನಮ್ಮ ಜೊತೆ ಹಾಡಿ. ಹೆಚ್ಚಿನವರು ಖುಷಿಯಿಂದ ಒಪ್ಪಿ ದುಪ್ಪಟ್ಟು ಸಂಭಾವನೆ ಪಡೆದರು. ಒಬ್ಬರು ಮಾತ್ರ ಇದು ತನ್ನ ಕೆಲಸವಲ್ಲವೆಂದು ಎದ್ದು ಹೋದರು.

ಏಳು ನಿಮಿಷದ ಒಳಗೇನಿದೆ

ಹಾಡಿನ ಉದ್ದ ಏಳು ನಿಮಿಷ ಹನ್ನೊಂದು ಸೆಕೆಂಡ್. ಆ ಕಾಲದ ಜನಪ್ರಿಯ ಗೀತೆಗಳು ಸಾಮಾನ್ಯವಾಗಿ ಮೂರು ನಿಮಿಷದ ಸುತ್ತಮುತ್ತ ಮುಗಿಯುತ್ತಿದ್ದವು. ಇಷ್ಟುದ್ದದ್ದನ್ನು ರೇಡಿಯೊದವರು ಹಾಕುವುದಿಲ್ಲ ಎಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಎಚ್ಚರಿಸಿದರು. ನಾವು ಹಾಡಿದ್ದಾದರೆ ಹಾಕುತ್ತಾರೆ ಎಂದರು ಜಾನ್. ಹಾಗೇ ಆಯಿತು.

ಈ ಏಳು ನಿಮಿಷವನ್ನು ಕಣ್ಣುಮುಚ್ಚಿ ಒಮ್ಮೆ ಕೇಳಬೇಕು. ಮೊದಲ ಚರಣದಲ್ಲಿ ಒಂದು ಕಂಠ, ಒಂದು ಪಿಯಾನೊ. ಎರಡನೆಯದಕ್ಕೆ ಗಿಟಾರ್ ಮತ್ತು ಟ್ಯಾಂಬರೀನ್ ಬಂದು ಸೇರುತ್ತವೆ, ಹಿಂದಿನಿಂದ ಇನ್ನೊಂದೆರಡು ದನಿ. ಡ್ರಮ್ ಬರುವ ಹೊತ್ತಿಗೆ ಸುಮಾರು ಐವತ್ತು ಸೆಕೆಂಡ್ ಕಳೆದಿರುತ್ತದೆ. ಪ್ರತಿ ಹೆಜ್ಜೆಗೂ ಯಾರೋ ಒಬ್ಬರು ಬಂದು ಪಕ್ಕ ನಿಲ್ಲುತ್ತಾರೆ. ಮೂರು ನಿಮಿಷ ದಾಟಿದಾಗ ಪಾಲ್ ಒಂದೇ ಪದವನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿಸುತ್ತ ತಾರಸ್ಥಾಯಿಯಲ್ಲಿ ಕೂಗುತ್ತಾರೆ. ಅಲ್ಲಿಗೆ ಒಂಟಿ ಕಂಠದ ಕೆಲಸ ಮುಗಿಯಿತು. ಮುಂದಿನ ನಾಲ್ಕು ನಿಮಿಷ ಜನರದು.

ಆ ಕೊನೆಯ ಭಾಗ ಯಾಕೆ ಬೇಸರ ತರಿಸುವುದಿಲ್ಲ? ನಮ್ಮ ಸಂಗೀತದ ಪರಿಭಾಷೆಯಲ್ಲಿ ಇದನ್ನು ಚೆನ್ನಾಗಿ ಹೇಳಬಹುದು. ಚರಣಗಳು ಹೆಚ್ಚುಕಡಿಮೆ ಶಂಕರಾಭರಣದ ಸ್ವರಸ್ಥಾನಗಳಲ್ಲಿ ಸಾಗುತ್ತವೆ, ಅಂದರೆ ಕಾಕಲಿ ನಿಷಾದ. ಅದು ಷಡ್ಜದ ಮಗ್ಗುಲಲ್ಲೇ ಇರುವ ಸ್ವರ, ಬಂದ ಕೂಡಲೇ ಷಡ್ಜಕ್ಕೆ ತಳ್ಳುತ್ತದೆ, ಮುಗಿಯಿತೆಂಬ ಭಾವ ಕೊಡುತ್ತದೆ. ಕೊನೆಯ ಭಾಗದ ಸ್ವರಮೇಳಗಳು ಕೈಶಿಕಿ ನಿಷಾದಕ್ಕೆ ಇಳಿಯುತ್ತವೆ. ಸ್ವರಸ್ಥಾನಗಳ ಲೆಕ್ಕದಲ್ಲಿ ಅದು ಹರಿಕಾಂಭೋಜಿಯ ಕಡೆಗೆ ಬಂದಂತೆ. ರಾಗವೆಂದು ಕರೆಯುವಂಥದ್ದೇನೂ ಇದಲ್ಲ, ಆದರೆ ಒಂದು ನಿಷಾದ ತಗ್ಗಿದ್ದಕ್ಕೆ ಇಡೀ ಹಾಡಿನ ಒತ್ತಡ ಸಡಿಲಾಗುತ್ತದೆ. ಷಡ್ಜದಿಂದ ಕೈಶಿಕಿ ನಿಷಾದಕ್ಕೆ, ಅಲ್ಲಿಂದ ಮಧ್ಯಮಕ್ಕೆ, ಮತ್ತೆ ಷಡ್ಜಕ್ಕೆ ಸ್ವರಮೇಳ ಸುತ್ತುತ್ತಲೇ ಇರುತ್ತದೆ. ಎಲ್ಲಿಯೂ ‘ಇಲ್ಲಿಗೆ ನಿಲ್ಲಿಸು’ ಎನ್ನುವುದಿಲ್ಲ. ಕೊನೆಗೆ ಧ್ವನಿಮುದ್ರಿಕೆಯಲ್ಲಿ ಹಾಡು ನಿಲ್ಲುವುದೂ ಇಲ್ಲ, ದೂರ ದೂರ ಹೋಗುತ್ತ ಕೇಳಿಸದಂತಾಗುತ್ತದೆ. ಅಳುವ ಮಗುವನ್ನು ಮಡಿಲಲ್ಲಿ ಹಾಕಿಕೊಂಡ ಅಜ್ಜಿ ಪದಗಳು ತೀರಿದ ಮೇಲೂ ‘ಳುಳುಳು’ ಎನ್ನುತ್ತ ತೂಗುತ್ತಿರುತ್ತಾಳಲ್ಲ, ಅದೇ ಕ್ರಮ. ಸಂತೈಸುವ ಮಾತಿಗೆ ಅರ್ಥ ಬೇಕಾಗುವುದು ಮೊದಮೊದಲಿಗೆ ಮಾತ್ರ.

ಜಗತ್ತು ಎತ್ತಿಕೊಂಡಿತು

1968ರ ಆಗಸ್ಟ್ ಕೊನೆಯಲ್ಲಿ ಹಾಡು ಹೊರಬಂತು. ಬೀಟಲ್ಸ್ ತಾವೇ ಕಟ್ಟಿದ ಆ್ಯಪಲ್ ರೆಕಾರ್ಡ್ಸ್ ಸಂಸ್ಥೆಯಿಂದ ಅವರ ಮೊದಲ ಬಿಡಿ ಹಾಡು ಇದು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. ಬೀಟಲ್ಸ್‌ನ ಬೇರೆ ಯಾವ ಹಾಡೂ ಅಲ್ಲಿ ಅಷ್ಟು ದಿನ ನಿಂತಿಲ್ಲ. ಸೆಪ್ಟೆಂಬರ್ 4ರಂದು ಟ್ವಿಕನ್‌ಹ್ಯಾಮ್ ಸ್ಟುಡಿಯೊದಲ್ಲಿ ಚಿತ್ರೀಕರಣ ನಡೆದಾಗ ಸುಮಾರು 300 ಮಂದಿ ಸಾಮಾನ್ಯರನ್ನು ಕರೆಸಿ, ಕೊನೆಯ ಭಾಗಕ್ಕೆ ಅವರನ್ನು ವಾದ್ಯಗಾರರ ಸುತ್ತ ಬಿಟ್ಟರು. ಈ ಹಾಡನ್ನು ಹೇಗೆ ಹಾಡಬೇಕೆಂಬುದನ್ನು ಲೋಕಕ್ಕೆ ಕಲಿಸಿದ್ದು ಆ ಚಿತ್ರ.

ಮನಸ್ಸು ತುಂಬುವ ಅಧ್ಯಾಯವೊಂದು ಪ್ರಾಗ್‌ನಲ್ಲಿ ನಡೆಯಿತು. ಹಾಡು ಬಿಡುಗಡೆಯಾಗುವ ಕೆಲವೇ ದಿನ ಮುಂಚೆ, ಆಗಸ್ಟ್ 20ರ ರಾತ್ರಿ, ಸೋವಿಯತ್ ನೇತೃತ್ವದ ಟ್ಯಾಂಕುಗಳು ಚೆಕೊಸ್ಲೊವಾಕಿಯಾದೊಳಗೆ ನುಗ್ಗಿದ್ದವು. ಮರುವರ್ಷ ಗಾಯಕಿ ಮಾರ್ತಾ ಕುಬಿಶೋವಾ ಚೆಕ್ ಭಾಷೆಯ ಹೊಸ ಸಾಹಿತ್ಯದೊಂದಿಗೆ ಈ ಹಾಡನ್ನು ಧ್ವನಿಮುದ್ರಿಸಿದರು. ಸೋತು ಕೂತ ದೇಶಕ್ಕೆ ಅದು ತನ್ನದೇ ಸಂಕಟದ ಹಾಡಾಯಿತು. 1970ರಲ್ಲಿ ಸರ್ಕಾರ ಅವರ ಬಾಯಿ ಮುಚ್ಚಿಸಿತು. ಸುಮಾರು ಇಪ್ಪತ್ತು ವರ್ಷ ಅವರು ಸಾರ್ವಜನಿಕವಾಗಿ ಹಾಡುವಂತಿರಲಿಲ್ಲ. 1989ರ ನವೆಂಬರ್‌ನಲ್ಲಿ ಆಡಳಿತ ಕುಸಿಯುವ ಹೊತ್ತಿಗೆ ವೆನ್ಸೆಸ್ಲಾಸ್ ಚೌಕದ ಬಾಲ್ಕನಿಯಲ್ಲಿ ನಿಂತು ಮತ್ತೆ ಜನರ ಮುಂದೆ ಹಾಡಿದರು. ಸರ‍್ರೆಯ ರಸ್ತೆಯಲ್ಲಿ ಒಂದು ಮಗುವಿಗೆಂದು ಗುನುಗಿದ ಸಾಂತ್ವನಕ್ಕೆ ಇಷ್ಟು ದೂರ ನಡೆಯುವ ಶಕ್ತಿ ಇತ್ತು.

ಆ ಹುಡುಗನಿಗೆ ಏನಾಯಿತು

ಹಾಡಿನ ಕಥೆ ಬರೆಯುವ ಬಹುತೇಕರು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ನಿಲ್ಲಿಸಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಹಾಡಿನಿಂದ ಎಲ್ಲರಿಗೂ ಸಿಕ್ಕ ಸಮಾಧಾನ ಜೂಲಿಯನ್‌ಗೆ ಅಷ್ಟು ಸುಲಭವಾಗಿ ಸಿಗಲಿಲ್ಲ.

ಅಪ್ಪ ಜಾನ್ ಅವನ ಬಗ್ಗೆ ಪ್ರೀತಿಯೇ ಇಲ್ಲದವರಾಗಿರಲಿಲ್ಲ. ಶಾಲೆಯಿಂದ ಜೂಲಿಯನ್ ತಂದು ತೋರಿಸಿದ, ಸಹಪಾಠಿ ಲೂಸಿಯ ಚಿತ್ರವೇ 1967ರ ಪ್ರಸಿದ್ಧ ಹಾಡೊಂದಕ್ಕೆ ಬೀಜವಾಗಿತ್ತು. 1968ರಲ್ಲೇ ಬಂದ ಬಿಳಿ ಹೊದಿಕೆಯ ಆಲ್ಬಮ್ಮಿನ ಕೊನೆಯ ಲಾಲಿಹಾಡನ್ನು ಜಾನ್ ಬರೆದದ್ದು ಮಗನಿಗಾಗಿಯೇ. ಹಾಡಿದವರು ಮಾತ್ರ ರಿಂಗೊ. ಆಮೇಲೆ ಜಾನ್ ನ್ಯೂಯಾರ್ಕ್‌ಗೆ ಹೋದರು, ಭೇಟಿಗಳು ವಿರಳವಾದವು. 1975ರಲ್ಲಿ ಯೋಕೊ ಜೊತೆ ಎರಡನೇ ಮಗ ಶಾನ್ ಹುಟ್ಟಿದಾಗ ಜಾನ್ ಸಂಗೀತ ಬದಿಗಿಟ್ಟು ಮನೆಯಲ್ಲಿ ಕೂತು ಅವನನ್ನು ಬೆಳೆಸಿದರು, 1980ರಲ್ಲಿ ಅವನಿಗಾಗಿ ಬಹಳ ಮುದ್ದಾದ ಹಾಡು ಬರೆದರು. ಅದೇ ವರ್ಷದ ಡಿಸೆಂಬರ್ 8ರಂದು ಕೊಲೆಯಾದರು. ಜೂಲಿಯನ್‌ಗೆ ಆಗ ಹದಿನೇಳು. ಅಪ್ಪ ತಾಯಿಯನ್ನು ಕಳೆದುಕೊಂಡ ವಯಸ್ಸು.

ಹಾಡು ತನ್ನ ಬಗ್ಗೆ ಎಂಬುದರ ಪೂರ್ತಿ ಕಥೆಯನ್ನು ಜೂಲಿಯನ್ ಪಾಲ್ ಬಾಯಿಂದ ಕೇಳಿದ್ದು 1987ರಲ್ಲಿ. ಇಬ್ಬರೂ ನ್ಯೂಯಾರ್ಕ್‌ನ ಒಂದೇ ಹೋಟೆಲಿನಲ್ಲಿ ಉಳಿದುಕೊಂಡಿದ್ದರು. ಅಷ್ಟರಲ್ಲಿ ಜೂಲಿಯನ್ ಕೂಡ ಹೆಸರು ಮಾಡಿದ ಗಾಯಕರಾಗಿದ್ದರು. ಆ ಹಾಡಿನ ಬಗ್ಗೆ ಅವರು ನಂತರ ಬಿಚ್ಚಿ ಮಾತಾಡಿದ್ದಾರೆ. ಪಾಲ್ ತೋರಿದ ಅಕ್ಕರೆಗೆ ಕೃತಜ್ಞತೆ ಇದೆ, ಆದರೆ ಹಾಡು ಕಿವಿಗೆ ಬಿದ್ದಾಗಲೆಲ್ಲ ಮನೆ ಒಡೆದ ಆ ವರ್ಷವೇ ಎದ್ದು ಬರುತ್ತದೆ ಎಂದು. ಇದನ್ನು ಓದಿದ ಮೇಲೆ ನಾನು ಆ ಹಾಡನ್ನು ಮೊದಲಿನಂತೆ ಬರಿಯ ಖುಷಿಯಿಂದ ಕೇಳಲಾರೆ. ಸಾವಿರಾರು ಜನ ಕುಣಿಯುವಾಗ ಒಂದು ಮಗುವಿನ ಅತಿ ಕೆಟ್ಟ ದಿನಗಳೂ ಅದರೊಳಗಿವೆ.

ಅಪ್ಪನ ಕಾಲದ ವಸ್ತುಗಳನ್ನು ಹರಾಜಿನಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ಸ್ಥಿತಿಯೂ ಅವರಿಗೆ ಬಂತು. 1996ರಲ್ಲಿ ‘ಹೇ ಜೂಡ್’ ಧ್ವನಿಮುದ್ರಣದ ಟಿಪ್ಪಣಿಗಳನ್ನು 25,000 ಪೌಂಡ್ ಕೊಟ್ಟು ಮನೆಗೆ ತಂದರು. ಸ್ಟುಡಿಯೊದಲ್ಲಿ ಬಳಸಿದ, ಪಾಲ್ ಕೈಬರಹದ ಸಾಹಿತ್ಯದ ಹಾಳೆ 2020ರಲ್ಲಿ ಬೇರೆ ಯಾರಿಗೋ 9,10,000 ಡಾಲರ್‌ಗೆ ಹೋಯಿತು.

ಅದೇ 2020ರಲ್ಲಿ ಅವರು ಕಾನೂನಿನ ಪ್ರಕಾರ ತಮ್ಮ ಹೆಸರಿನ ಕ್ರಮ ಬದಲಿಸಿಕೊಂಡರು. ಜಾನ್ ಚಾರ್ಲ್ಸ್ ಜೂಲಿಯನ್ ಲೆನನ್ ಎಂದಿದ್ದದ್ದು ಜೂಲಿಯನ್ ಚಾರ್ಲ್ಸ್ ಜಾನ್ ಲೆನನ್ ಎಂದಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಹೊಸ ಆಲ್ಬಮ್ ತಂದರು. ಹೆಸರು ‘ಜೂಡ್’. ಬೇರೆಯವರು ಐವತ್ತನಾಲ್ಕು ವರ್ಷ ಹಾಡಿದ ಹೆಸರನ್ನು ಅವರು ತಮ್ಮ ಹಾಡುಗಳ ಮೇಲೆ ಬರೆದುಕೊಂಡರು. ಎರಡು ತಿಂಗಳ ನಂತರ ವಿಮಾನ ನಿಲ್ದಾಣವೊಂದರ ವಿಶ್ರಾಂತಿ ಕೋಣೆಯಲ್ಲಿ ಅವರಿಗೆ ಪಾಲ್ ಅಂಕಲ್ ಅಕಸ್ಮಾತ್ ಸಿಕ್ಕರು. ಎಂಬತ್ತರ ಪಾಲ್ ಮೊಬೈಲು ತೆಗೆದು ತೋರಿಸಿದರು: ಅದರಲ್ಲಿ ಜೂಲಿಯನ್‌ರ ಆಲ್ಬಮ್ ಇತ್ತು. ಇಬ್ಬರೂ ಸೇರಿ ತೆಗೆಸಿಕೊಂಡ ಚಿತ್ರವನ್ನು ಜೂಲಿಯನ್ ಅಭಿಮಾನಿಗಳೊಂದಿಗೆ ಹಂಚಿಕೊಂಡರು.